ಓಲ್ಡ್ ಕೋರ್ಸ್ ನಿಮಗೆ ಹಿಡಿಸಲಿಲ್ಲವೇ? ಭಾನುವಾರ ಹಿಂದಿನಿಂದ ನಡೆದು ನೋಡಿ

ಪ್ರಶ್ನೆ: ಸರ್, ನಾನು ಬೆಂಗಳೂರಿನವನು. ಬ್ಯಾಂಕಿನಿಂದ ನಿವೃತ್ತನಾಗಿ ನಾಲ್ಕು ವರ್ಷವಾಯಿತು. ಗಾಲ್ಫ್‌ನಲ್ಲಿ ನನ್ನ ಹ್ಯಾಂಡಿಕ್ಯಾಪ್ 17, ಅಂದರೆ ಸಾಧಾರಣ ಆಟಗಾರ. ಕಳೆದ ವರ್ಷ ಎಡಿನ್‌ಬರೊದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನ ಹೆಸರಾಂತ ಗಾಲ್ಫ್ ಮೈದಾನ ಓಲ್ಡ್ ಕೋರ್ಸಿನಲ್ಲಿ ಆಡಿದೆ. ಬ್ಯಾಲೆಟ್‌ನಲ್ಲಿ, ಅಂದರೆ ಆಡುವ ಅವಕಾಶದ ಲಾಟರಿಯಲ್ಲಿ, ಹೆಸರು ಬಂದಾಗ ಆದ ಖುಷಿ ಆಟ ಮುಗಿಯುವ ಹೊತ್ತಿಗೆ ಉಳಿದಿರಲಿಲ್ಲ. ನೆಲವೆಲ್ಲ ಚಪ್ಪಟೆ. ಮರವಿಲ್ಲ, ಕೆರೆಯಿಲ್ಲ. ಟೀ ಮೇಲೆ, ಅಂದರೆ ಮೊದಲ ಹೊಡೆತದ ಜಾಗದಲ್ಲಿ, ನಿಂತರೆ ಎಲ್ಲಿಗೆ ಹೊಡೆಯಬೇಕೆಂದೇ ಗೊತ್ತಾಗುವುದಿಲ್ಲ. ಚೆನ್ನಾಗಿ ಹೊಡೆದ ಮೂರು ಹೊಡೆತಗಳು ಕಣ್ಣಿಗೇ ಕಾಣದ ಬಂಕರ್‌ಗಳಿಗೆ (ಮರಳುಗುಂಡಿಗಳಿಗೆ) ಬಿದ್ದವು. ಹದಿನಾಲ್ಕನೇ ಹೋಲ್‌ನಲ್ಲಿ (ಟೀಯಿಂದ ಕುಳಿಯವರೆಗಿನ ಒಂದು ಪಾಳಿ) ಹೆಲ್ ಬಂಕರ್‌ನಿಂದ ಹೊರಬರಲು ಮೂರು ಹೊಡೆತ ಬೇಕಾಯಿತು. ಒಟ್ಟು 101 ಹೊಡೆತ. ಇದಕ್ಕಿಂತ ನಮ್ಮ ಬೆಂಗಳೂರಿನ ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಕೋರ್ಸ್ ಎಷ್ಟೋ ಚಂದ ಅನ್ನಿಸಿತು. ಹಳೆಯದು ಎಂಬ ಒಂದೇ ಕಾರಣಕ್ಕೆ ಜಗತ್ತು ಇದನ್ನು ಹೊಗಳುತ್ತದೆಯೇ? ನೀವು ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ? ಈ ಜೂನಿನಲ್ಲಿ ಮತ್ತೆ ಹೋಗುತ್ತಿದ್ದೇನೆ. ಮುನ್ನೂರು ಪೌಂಡಿಗೂ ಜಾಸ್ತಿ ಕೊಟ್ಟು ಇನ್ನೊಮ್ಮೆ ಆಡಬೇಕೇ?

ಉತ್ತರ: ಮೊದಲು ಒಂದು ಸಮಾಧಾನ ಹೇಳಿಬಿಡುತ್ತೇನೆ. ನಿಮ್ಮ ಜೊತೆಗಿರುವವರು ಸಾಮಾನ್ಯರಲ್ಲ. 1946ರಲ್ಲಿ ಬ್ರಿಟನ್ನಿನ ದೊಡ್ಡ ಗಾಲ್ಫ್ ಪಂದ್ಯವಾದ ಓಪನ್ ಆಡಲು ರೈಲಿನಲ್ಲಿ ಬಂದ ಅಮೆರಿಕದ ಸ್ಯಾಮ್ ಸ್ನೀಡ್ ಕಿಟಕಿಯಿಂದ ಆಚೆ ನೋಡಿ, ಇದ್ಯಾವುದೋ ಪಾಳುಬಿದ್ದ ಹಳೇ ಗಾಲ್ಫ್ ಕೋರ್ಸ್ ಇದ್ದ ಹಾಗಿದೆ ಎಂದುಬಿಟ್ಟರು. ಅದೇ ಓಲ್ಡ್ ಕೋರ್ಸ್. ಆ ವಾರ ಗೆದ್ದವರೂ ಅವರೇ. ಇನ್ನು ಅಮೆರಿಕದ ಇನ್ನೊಬ್ಬ ದೊಡ್ಡ ಆಟಗಾರ ಬಾಬಿ ಜೋನ್ಸ್. 1921ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಮೂರನೇ ಸುತ್ತಿನ ಮೊದಲ ಒಂಬತ್ತು ಹೋಲ್‌ಗೆ 46 ಹೊಡೆತ ತೆಗೆದುಕೊಂಡರು. ಹನ್ನೊಂದನೇ ಹೋಲ್‌ನಲ್ಲಿ ಬಂಕರ್‌ಗೆ ಬಿದ್ದು, ಸಿಟ್ಟಿಗೆದ್ದು, ಆಟವನ್ನೇ ಕೈಬಿಟ್ಟರು. ಅದೇ ಜೋನ್ಸ್ 1927ರಲ್ಲಿ ಅಲ್ಲೇ ಓಪನ್ ಗೆದ್ದರು. 1930ರಲ್ಲಿ ಅಲ್ಲೇ ಹವ್ಯಾಸಿಗಳ ಪಂದ್ಯವಾದ ಅಮೆಚೂರ್ ಗೆದ್ದರು. 1958ರಲ್ಲಿ ಊರಿನವರು ಕರೆದು ಗೌರವ ಪೌರತ್ವ ಕೊಟ್ಟಾಗ, ನನ್ನ ಬದುಕಿನಿಂದ ಬೇರೆಲ್ಲ ತೆಗೆದು ಸೇಂಟ್ ಆಂಡ್ರೂಸ್‌ನ ಅನುಭವ ಒಂದನ್ನೇ ಬಿಟ್ಟರೂ ಸಾಕು ಎಂಬರ್ಥದ ಮಾತಾಡಿದರು.

ನನ್ನ ಕಥೆಯೂ ಅಷ್ಟೇ, ಕಪ್ ಒಂದು ಇಲ್ಲ. ಮೂವತ್ತು ವರ್ಷ ಗಾಲ್ಫ್ ಮೈದಾನಗಳ ಹುಲ್ಲು, ಮಣ್ಣು ನೋಡಿಕೊಂಡು ಬದುಕಿದವನು ನಾನು. ಮೊದಲ ಸಲ ಅಲ್ಲಿಗೆ ಹೋದಾಗ ಹುಲ್ಲನ್ನು ಹೊಗಳಿದೆ, ಕೋರ್ಸನ್ನು ಬೈದೆ. ಡೈರಿಯಲ್ಲಿ ಹತ್ತಕ್ಕೆ ಆರು ಎಂದು ಬರೆದಿದ್ದೆ. ಆ ಆರರಲ್ಲೂ ಎರಡು ಅಂಕ ಮರ್ಯಾದೆಗೆ ಕೊಟ್ಟಿದ್ದು. ಹತ್ತು ವರ್ಷದ ಮೇಲೆ ಮತ್ತೆ ಹೋದೆ. ಆ ಸಲ ಆಡಲಿಲ್ಲ. ಬ್ಯಾಲೆಟ್‌ನಲ್ಲಿ ಹೆಸರು ಬರಲಿಲ್ಲ, ವಾಪಸ್ ರೈಲು ಸೋಮವಾರಕ್ಕಿತ್ತು, ಕೈಯಲ್ಲಿದ್ದದ್ದು ಒಂದು ಭಾನುವಾರ. ಭಾನುವಾರ ಓಲ್ಡ್ ಕೋರ್ಸಿನಲ್ಲಿ ಆಟವಿಲ್ಲ. ದೊಡ್ಡ ಪಂದ್ಯಗಳಿರುವ ಕೆಲವು ಭಾನುವಾರ ಬಿಟ್ಟರೆ ಅವತ್ತು ಅದು ಊರಿನ ಪಾರ್ಕು. ನಾಯಿ ಕರೆದುಕೊಂಡು ಬರುತ್ತಾರೆ, ಮಕ್ಕಳನ್ನು ಗಾಡಿಯಲ್ಲಿ ತಳ್ಳಿಕೊಂಡು ಬರುತ್ತಾರೆ. ಗಾಲ್ಫ್ ಆಡುವವರಿಗೆ ವಿಶ್ರಾಂತಿ ಬೇಡದಿದ್ದರೂ ಮೈದಾನಕ್ಕೆ ಬೇಕು ಎಂದು ಓಲ್ಡ್ ಟಾಮ್ ಮೋರಿಸ್ ಹೇಳುತ್ತಿದ್ದರಂತೆ. 1865ರಿಂದ ಸುಮಾರು ನಾಲ್ಕು ದಶಕ ಅಲ್ಲಿನ ಹುಲ್ಲು ಕಾಯ್ದವರು ಅವರು. ನಮ್ಮ ಕಸುಬಿನವರಿಗೆ ಅವರು ಕುಲಗುರು ಇದ್ದ ಹಾಗೆ.

ನಾನು ತಂಗಿದ್ದ ಕೋಣೆ ಊರಿನ ಕಡೆ ಇತ್ತು. ಹಾಗಾಗಿ ಹದಿನೆಂಟನೇ ಗ್ರೀನ್ (ಕುಳಿಯಿರುವ ನುಣುಪು ಹುಲ್ಲಿನ ಜಾಗ) ಹತ್ತಿರ ಒಳಗೆ ಕಾಲಿಟ್ಟು, ಹದಿನೇಳು, ಹದಿನಾರು, ಹದಿನೈದು ಎಂದು ಉಲ್ಟಾ ನಡೆದೆ. ಯಾವ ಯೋಜನೆಯೂ ಇರಲಿಲ್ಲ, ಸುಮ್ನೆ ಹೊರಟದ್ದು. ಹನ್ನೆರಡನೇ ಗ್ರೀನ್ ತನಕ ಹೋಗಿ, ಟೀ ಕಡೆಗೆ ಮುಖ ಮಾಡಿ ನಿಂತಾಗ ನನ್ನ ಆರು ಅಂಕದ ಲೆಕ್ಕ ಕುಸಿಯಿತು.

ಹನ್ನೆರಡು ನಿಮಗೆ ನೆನಪಿರಬೇಕು. ಸುಮಾರು 350 ಗಜದ ಪಾರ್ 4, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ್ದು. ಟೀ ಮೇಲೆ ನಿಂತರೆ ಎದುರಿಗೆ ಬಯಲು. ಇಷ್ಟು ಸುಲಭದ್ದು ಇಲ್ಲಿ ಯಾಕಿದೆ ಅನ್ನಿಸುತ್ತದೆ. ನೇರ ಮಧ್ಯಕ್ಕೆ ಹೊಡೆದು ಖುಷಿಯಿಂದ ನಡೆದು ಹೋದರೆ ಚೆಂಡು ಒಂದು ಗುಂಡಿಯಲ್ಲಿ ಕೂತಿರುತ್ತದೆ. ನಿಮ್ಮ ಮೂರು ಕಾಣದ ಬಂಕರ್‌ಗಳಲ್ಲಿ ಒಂದಾದರೂ ಇಲ್ಲಿಯದೇ ಇರಬೇಕು. ಆ ಬಂಕರ್‌ಗಳನ್ನು ಗ್ರೀನ್ ಕಡೆಯಿಂದ ನೋಡಿ. ಒಂದೊಂದೂ ಬಾಯಿ ತೆರೆದುಕೊಂಡು ನಿಮ್ಮನ್ನೇ ದಿಟ್ಟಿಸುತ್ತದೆ. ಯಾವುದೂ ಬಚ್ಚಿಟ್ಟುಕೊಂಡಿಲ್ಲ. ನಾವು ಬರುತ್ತಿರುವುದು ಅವುಗಳ ಬೆನ್ನ ಕಡೆಯಿಂದ, ಅಷ್ಟೇ.

ಇದಕ್ಕೆ ಕಾರಣವಿದೆ. ಓಲ್ಡ್ ಕೋರ್ಸನ್ನು ಮೊದಲು ಆಡುತ್ತಿದ್ದದ್ದು ಈಗಿನ ದಿಕ್ಕಿಗೆ ವಿರುದ್ಧವಾಗಿ, ಗಡಿಯಾರದ ಮುಳ್ಳು ಸುತ್ತುವ ಹಾಗೆ. ಮೊದಲ ಟೀಯಿಂದ ಈಗಿನ ಹದಿನೇಳನೇ ಗ್ರೀನಿಗೆ, ಹದಿನೆಂಟನೇ ಟೀಯಿಂದ ಹದಿನಾರನೇ ಗ್ರೀನಿಗೆ, ಹೀಗೆ. 1870ರ ಸುಮಾರಿಗೆ ಓಲ್ಡ್ ಟಾಮ್ ಸ್ವಿಲ್ಕನ್ ಹಳ್ಳದ ಆಚೆ ಮೊದಲನೇ ಹೋಲ್‌ಗೆಂದೇ ಬೇರೆ ಗ್ರೀನ್ ಮಾಡಿದರು. ಆಮೇಲೆ ಎರಡೂ ದಿಕ್ಕಿನಲ್ಲಿ ಆಡಲು ಸಾಧ್ಯವಾಯಿತು. ಸ್ವಲ್ಪ ಕಾಲ ದಿಕ್ಕು ಬದಲಿಸುತ್ತಾ ಆಡಿದರು. ಕೊನೆಗೆ ಈಗಿನ ಎಡಸುತ್ತೇ ನಿಂತಿತು. ಅಂದರೆ ನೀವು ಆಡಿದ್ದು ಒಂದು ಕೋರ್ಸಲ್ಲ, ಒಂದರ ಮೇಲೊಂದು ಕೂತ ಎರಡು ಕೋರ್ಸು. ಹಳೇ ಮನೆಗೆ ರಸ್ತೆ ಹಿಂದುಗಡೆ ಬಂದ ಮೇಲೆ ಹಿತ್ತಲ ಬಾಗಿಲೇ ಮುಂಬಾಗಿಲಾಗುತ್ತದಲ್ಲ, ಅದೇ ಥರ. ಒಳಗೆ ಬಂದವರು ನೇರ ಬಚ್ಚಲಿಗೆ ನುಗ್ಗಿ, ಯಾವನಪ್ಪಾ ಈ ಮನೆ ಕಟ್ಟಿದವನು ಅನ್ನುತ್ತಾರೆ.

ಯಾರೂ ಕಟ್ಟಲಿಲ್ಲ ಎಂಬುದೇ ಉತ್ತರ. ಹಾಗಾದರೆ ಇದನ್ನು 'ವಿನ್ಯಾಸ' ಎಂದು ಕರೆಯಬಹುದೇ ಎಂದು ನೀವು ಕೇಳಬಹುದು. ನನಗೂ ಆ ಅನುಮಾನ ಇತ್ತು.

ಸಮುದ್ರ ಹಿಂದೆ ಸರಿದಾಗ ಬಿಟ್ಟುಹೋದ ಮರಳು ನೆಲವನ್ನು ಸ್ಕಾಟ್ಲೆಂಡಿನಲ್ಲಿ ಲಿಂಕ್ಸ್ ಅನ್ನುತ್ತಾರೆ. ಹೊಲಕ್ಕೂ ಅಲ್ಲ, ಬೀಚಿಗೂ ಅಲ್ಲ, ನಡುವಿನ ಬರಡು. ಬೆಳೆ ಬರುವುದಿಲ್ಲವಾದ್ದರಿಂದ ಕುರಿ ಮೇಯಿಸಿದರು, ಮೊಲ ಸಾಕಿದರು, ಚೆಂಡು ಹೊಡೆದರು. 1552ರ ಒಂದು ಪತ್ರದಲ್ಲಿ ಅಲ್ಲಿನ ಆರ್ಚ್‌ಬಿಷಪ್ ಮೊಲ ಸಾಕಲು ಅನುಮತಿ ಪಡೆಯುವಾಗ, ಈ ನೆಲದಲ್ಲಿ ಗಾಲ್ಫ್ ಆಡುವ ಊರಿನವರ ಹಕ್ಕನ್ನೂ ಒಪ್ಪಿಕೊಂಡಿದ್ದಾರೆ. ಮುಂದೆ ಮೊಲದವರಿಗೂ ಗಾಲ್ಫಿನವರಿಗೂ ಇಪ್ಪತ್ತು ವರ್ಷ ಜಗಳ, ಕೋರ್ಟು. 1821ರಲ್ಲಿ ಗಾಲ್ಫ್ ಪ್ರೀತಿಯ ಜಮೀನ್ದಾರರೊಬ್ಬರು ಜಾಗ ಕೊಂಡ ಮೇಲೆ ತಣ್ಣಗಾಯಿತು. ಗಾಳಿಗೆ ಬೆನ್ನು ಕೊಟ್ಟು ಕುರಿಗಳು ಮಲಗಿದ ತಗ್ಗುಗಳಲ್ಲಿ ಹುಲ್ಲು ಸವೆದು ಮರಳು ಕಂಡಿತು, ಎಲ್ಲರ ಚೆಂಡೂ ಉರುಳಿ ಬಂದು ನಿಲ್ಲುವ ತಗ್ಗು ಹೊಡೆತ ತಿಂದು ತಿಂದು ಇನ್ನಷ್ಟು ಆಳವಾಯಿತು ಎನ್ನುತ್ತಾರೆ. ಬಂಕರ್ ಹುಟ್ಟಿದ್ದು ಹೀಗಂತೆ. ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಬಂಕರ್ ಇರುವುದು ಚೆಂಡು ಹೋಗುವ ಕಡೆಯೇ. ಕಾಗದದ ಮೇಲೆ ಕೋರ್ಸ್ ಬರೆಯುವವನು ತಪ್ಪು ಹೊಡೆತ ಬೀಳುವ ಬದಿಗಳಲ್ಲಿ ಬಂಕರ್ ಇಡುತ್ತಾನೆ. ಇಲ್ಲಿ ಒಳ್ಳೆಯ ಹೊಡೆತ ಬೀಳುವ ನಟ್ಟನಡುವೆಯೇ ಇದೆ.

ಹದಿನೆಂಟು ಎಂಬ ಲೆಕ್ಕವೂ ಯಾರೋ ಕೂತು ಯೋಚಿಸಿದ್ದಲ್ಲ. ಮೊದಲು ಒಂದು ಸುತ್ತಿಗೆ 22 ಹೋಲ್ ಇತ್ತು. ಮೊದಲ ನಾಲ್ಕು ತೀರಾ ಚಿಕ್ಕವು ಎಂದು 1764ರಲ್ಲಿ ಅವನ್ನು ಎರಡು ಮಾಡಿದರು. ಹೋಗುವಾಗ ಆಡಿದ್ದನ್ನೇ ಬರುವಾಗಲೂ ಆಡುತ್ತಿದ್ದರಿಂದ ನಾಲ್ಕು ಕಡಿಮೆಯಾಗಿ 18 ಉಳಿಯಿತು. ಕೊನೆಗೆ ಜಗತ್ತೇ ಅದನ್ನು ಹಿಡಿದುಕೊಂಡಿತು.

ಹೋಗುವವರೂ ಬರುವವರೂ ಒಂದೇ ಕುಳಿಗೆ ಆಡಿದರೆ ಜನ ಜಾಸ್ತಿಯಾದಾಗ ಏನಾಗುತ್ತದೆ ಹೇಳಿ. 1850ರ ದಶಕದಲ್ಲಿ ಗ್ರೀನ್ ಅಗಲಿಸಿ ಎರಡೆರಡು ಕುಳಿ ತೋಡಿದರು. ಆ ಜೋಡಿ ಗ್ರೀನ್‌ಗಳು ಇವತ್ತಿಗೂ ಏಳು ಇವೆ. ಎರಡಕ್ಕೆ ಹದಿನಾರು, ಮೂರಕ್ಕೆ ಹದಿನೈದು, ನಾಲ್ಕಕ್ಕೆ ಹದಿನಾಲ್ಕು. ಯಾವ ಜೋಡಿ ಕೂಡಿದರೂ ಹದಿನೆಂಟು. ಹೋಗುವಾಗಿನ ಬಾವುಟ ಬಿಳಿ, ಬರುವಾಗಿನದು ಕೆಂಪು. ನಾನು ಮೊದಲ ಸಲ ಐದನೇ ಹೋಲ್‌ನಲ್ಲಿ ತಪ್ಪು ಬಾವುಟಕ್ಕೆ ಗುರಿಯಿಟ್ಟು, ಹೆಚ್ಚುಕಡಿಮೆ ಒಂದು ಎಕರೆ ಹರಡಿದ ಆ ಗ್ರೀನಿನಲ್ಲಿ ನಾಲ್ಕು ಪಟ್ (ನೆಲದ ಮೇಲೆ ಉರುಳಿಸುವ ಹೊಡೆತ) ಮಾಡಿದೆ. ಮೊದಲನೆಯದನ್ನು ಪಟ್ ಅನ್ನುವುದಕ್ಕಿಂತ ಪ್ರಯಾಣ ಅನ್ನಬೇಕು. ಇಷ್ಟು ದೊಡ್ಡ ಗ್ರೀನ್ ಮಾಡಿದವರಿಗೆ ತಲೆ ಸರಿಯಿಲ್ಲ ಎಂದು ಬೈದುಕೊಂಡಿದ್ದೆ. ಈಗ ಅನ್ನಿಸುವುದು ಬೇರೆ. ಗ್ರೀನ್ ಮುಟ್ಟುವುದು ಇಲ್ಲಿ ದೊಡ್ಡ ಸಾಧನೆಯೇ ಅಲ್ಲ. ಗ್ರೀನಿನ ಯಾವ ಮೂಲೆಗೆ ಬಂದಿರಿ ಎಂಬುದೇ ಪ್ರಶ್ನೆ. ಅದಕ್ಕೆ ಉತ್ತರ ಇನ್ನೂರು ಗಜ ಹಿಂದೆ, ಟೀಗೂ ಗ್ರೀನಿಗೂ ನಡುವಿನ ಹುಲ್ಲುದಾರಿಯಾದ ಫೇರ್‌ವೇಯ ಯಾವ ಬದಿಯಿಂದ ಹೊಡೆದಿರಿ ಎಂಬುದರಲ್ಲಿದೆ.

ನಿಮ್ಮ 'ಚಪ್ಪಟೆ, ಖಾಲಿ' ಎಂಬ ದೂರಿಗೆ ಉತ್ತರ ಇಲ್ಲಿಂದ ಶುರು. ಖಾಲಿ ಇರುವುದು ನಿಜ. ಮೊದಲ ಮತ್ತು ಹದಿನೆಂಟನೇ ಹೋಲ್ ಹಂಚಿಕೊಂಡ ಫೇರ್‌ವೇ 120 ಗಜಕ್ಕೂ ಹೆಚ್ಚು ಅಗಲ. ಕುರುಡನೂ ಅದಕ್ಕೆ ಚೆಂಡು ಬೀಳಿಸಬಹುದು. ಒಳಗೆ ಹೋದಂತೆ ಒಂದು ಕ್ರಮ ಕಾಣುತ್ತದೆ. ಬಲಕ್ಕೆ ಗೋರ್ಸ್ ಎಂಬ ಹಳದಿ ಹೂವಿನ ಮುಳ್ಳುಪೊದೆ, ಬರುವ ದಾರಿಯಲ್ಲಿ ಬಲಕ್ಕೆ ಗೋಡೆ, ಬೇಲಿ, ಅದರಾಚೆ ಔಟ್ ಆಫ್ ಬೌಂಡ್ಸ್. ಎಡಕ್ಕೆ ಪಕ್ಕದ ಹೋಲ್‌ನ ಫೇರ್‌ವೇ, ಎಷ್ಟು ಬೇಕಾದರೂ ಜಾಗ. ಚೀಲ ಹೊತ್ತು ದಾರಿ ಹೇಳುವ ಕ್ಯಾಡಿಗಳು ಹೊಸಬರಿಗೆ ಎಡಕ್ಕೆ, ಎಡಕ್ಕೆ ಎಂದೇ ಹೇಳುತ್ತಾರೆ. ಎಡಕ್ಕೆ ಹೊಡೆದರೆ ಚೆಂಡು ಕಳೆಯುವುದಿಲ್ಲ. ಆದರೆ ಅಲ್ಲಿಂದ ಗ್ರೀನಿಗೆ ದಾರಿ ಕೆಟ್ಟದ್ದು. ನಡುವೆ ಒಂದು ಬಂಕರ್ ಅಡ್ಡ ಬರುತ್ತದೆ, ಇಲ್ಲವೇ ಗ್ರೀನ್ ನಿಮ್ಮಿಂದ ದೂರಕ್ಕೆ ಇಳಿಜಾರಾಗಿರುತ್ತದೆ. ಬಲಗಡೆಯ ಅಪಾಯವನ್ನು ಸವರಿಕೊಂಡು ಹೋದವನಿಗೆ ಗ್ರೀನ್ ಬಾಗಿಲು ತೆರೆದಂತೆ ಸಿಗುತ್ತದೆ. ಎಲ್ಲ ಹೋಲ್‌ಗೂ ಇದು ಹೊಂದುವುದಿಲ್ಲ. ಮುಖ್ಯವಾದವಕ್ಕೆ ಹೊಂದುತ್ತದೆ.

ಹದಿನೇಳು, ಅಂದರೆ ರೋಡ್ ಹೋಲ್, ಇದಕ್ಕೆ ದೊಡ್ಡ ಉದಾಹರಣೆ. ಓಪನ್‌ನಲ್ಲಿ ಈಗ 495 ಗಜ, ಪಾರ್ 4. ಡ್ರೈವ್ ಹೊಡೆಯಬೇಕಾದ್ದು ಹಳೇ ರೈಲ್ವೆ ಶೆಡ್‌ಗಳ ಆಕಾರದ ಕಟ್ಟಡದ ಮೇಲಿನಿಂದ, ಹೋಟೆಲಿನ ಪಕ್ಕಕ್ಕೆ. ಬಲಕ್ಕೆ ಹೆಚ್ಚಾದರೆ ಹೋಟೆಲಿನ ಅಂಗಳ. ಗ್ರೀನ್ ಅಗಲವಾಗಿ, ಓರೆಯಾಗಿ, ಸ್ವಲ್ಪ ಎತ್ತರಕ್ಕೆ ಕೂತಿದೆ. ಮುಂದೆ ಎಡಕ್ಕೆ ರೋಡ್ ಬಂಕರ್, ಹಿಂದೆ ರಸ್ತೆ, ರಸ್ತೆಯಾಚೆ ಕಲ್ಲಿನ ಗೋಡೆ. ಡ್ರೈವ್ ಎಡಕ್ಕೆ ಹೊಡೆದು ಬಚಾವಾದವನಿಗೆ ಆ ಬಂಕರ್ ಸರಿಯಾಗಿ ದಾರಿಯಲ್ಲೇ ಸಿಗುತ್ತದೆ. ಭಾನುವಾರ ಗ್ರೀನ್ ಅಂಚಿನಿಂದ ನೋಡಿ. ಬಂಕರ್ ಬಾಯಿ ಚಿಕ್ಕದು, ಸುತ್ತಲಿನ ನೆಲವೆಲ್ಲ ಅದರೊಳಕ್ಕೇ ಇಳಿಯುತ್ತದೆ. ನಮ್ಮ ಕಡೆಯ ಕೃಷಿಹೊಂಡ ಇದ್ದ ಹಾಗೆ. ಹೊಂಡ ಮೂಲೆಯಲ್ಲಿರುತ್ತದೆ, ನೀರು ಇಡೀ ಹೊಲದ್ದು. 1978ರ ಓಪನ್‌ನಲ್ಲಿ ಜಪಾನಿನ ಟಾಮಿ ನಕಾಜಿಮಾ ಗ್ರೀನ್ ಮೇಲಿಂದ ಪಟ್ ಮಾಡಿ ಅದರೊಳಗೆ ಬೀಳಿಸಿಕೊಂಡರು. ಹೊರಬರಲು ನಾಲ್ಕು ಹೊಡೆತ, ಒಟ್ಟು ಒಂಬತ್ತು. 1984ರಲ್ಲಿ ಟಾಮ್ ವಾಟ್ಸನ್ ಚೆಂಡು ಗ್ರೀನ್ ದಾಟಿ ಗೋಡೆಯ ಹತ್ತಿರ ನಿಂತಿತು, ಓಪನ್ ಸೆವೆ ಬ್ಯಾಲೆಸ್ಟಿರೊಸ್ ಪಾಲಾಯಿತು. 2000ದಲ್ಲಿ ಡೇವಿಡ್ ಡುವಾಲ್ ಕೊನೆಯ ದಿನ ಅದೇ ಬಂಕರ್‌ನಲ್ಲಿ ನಾಲ್ಕು ಹೊಡೆತ ಕಳೆದುಕೊಂಡರು.

ಅದೇ 2000ದ ಪಂದ್ಯವನ್ನು ನಾನು ಸಾಕ್ಷಿಯಾಗಿ ಕೊಡುವುದು ಬೇರೆ ಕಾರಣಕ್ಕೆ. ಓಲ್ಡ್ ಕೋರ್ಸಿನಲ್ಲಿ 112 ಬಂಕರ್ ಇವೆ. ಟೈಗರ್ ವುಡ್ಸ್ ನಾಲ್ಕು ದಿನ, 72 ಹೋಲ್ ಆಡಿ ಒಂದಕ್ಕೂ ಬೀಳಲಿಲ್ಲ. ಎಂಟು ಹೊಡೆತದ ಅಂತರದಿಂದ ಗೆದ್ದರು. ಅದೃಷ್ಟವೂ ಇತ್ತು ಅನ್ನಿ, ಅದೃಷ್ಟ ಒಂದೇ ಅಷ್ಟು ದಿನ ಜೊತೆಗಿರುವುದಿಲ್ಲ. ಕಾಣದ ಬಂಕರ್ ಒಂದು ಸಲ ಅನ್ಯಾಯ. ಎರಡನೇ ಸಲ ಅದು ನಿಮಗೆ ಗೊತ್ತಿರುವ ವಿಷಯ. ನೀವು ಆಡಿದ್ದು ಒಂದೇ ಸಲ. ಅದಕ್ಕೇ ಲೆಕ್ಕ ಅರ್ಧಕ್ಕೆ ನಿಂತಿದೆ.

ನಿಮ್ಮ ಹೆಲ್ ಬಂಕರ್ ವಿಷಯಕ್ಕೆ ಬರೋಣ. ಮೂರು ಹೊಡೆತಕ್ಕೆ ಹೊರಬಂದಿದ್ದೀರಿ. 1995ರ ಓಪನ್‌ನಲ್ಲಿ ಜ್ಯಾಕ್ ನಿಕ್ಲಾಸ್‌ಗೆ ನಾಲ್ಕು ಬೇಕಾಯಿತು, ಆ ಹೋಲ್‌ಗೆ ಹತ್ತು ಬರೆದುಕೊಂಡರು. ಅಂದರೆ ನಿಕ್ಲಾಸ್‌ಗಿಂತ ನೀವೇ ವಾಸಿ ಎಂದು ಮೊಮ್ಮಕ್ಕಳಿಗೆ ಹೇಳಬಹುದು. ಹದಿನಾಲ್ಕರ ಕಥೆ ಹೀಗೆ: ಬಲಕ್ಕೆ ಉದ್ದಕ್ಕೂ ಗೋಡೆ, ಎಡಕ್ಕೆ ಬಿಯರ್ಡೀಸ್ ಎಂಬ ಬಂಕರ್‌ಗಳ ಗುಂಪು, ನಡುವೆ ಎಲಿಸಿಯನ್ ಫೀಲ್ಡ್ಸ್ ಎಂಬ ಹಸಿರು ಪಟ್ಟಿ. ಮೊದಲ ಹೊಡೆತ ಅಲ್ಲಿಗೆ. ಎರಡನೆಯದಕ್ಕೆ ಹೆಲ್ ಬಂಕರ್ ಎದುರಾಗುತ್ತದೆ. ದಾಟುವ ಶಕ್ತಿಯಿದ್ದರೆ ದಾಟಬೇಕು, ಇಲ್ಲದಿದ್ದರೆ ಮರ್ಯಾದೆಯಾಗಿ ಎಡಕ್ಕೆ ಐದನೇ ಫೇರ್‌ವೇಗೆ ಹೊಡೆದು ಸುತ್ತಿ ಬರಬೇಕು. 17 ಹ್ಯಾಂಡಿಕ್ಯಾಪ್‌ನವರಿಗೆ ಆ ಸುತ್ತುದಾರಿಯಲ್ಲಿ ಆರು ಗ್ಯಾರಂಟಿ, ಕೆಲವು ಸಲ ಐದು. ನೀವು ನೇರ ಹೊಡೆದಿರಿ, ಅಲ್ವಾ? ನಾನೂ ಹಾಗೇ ಮಾಡಿದ್ದೆ.

ಹುಲ್ಲಿನ ಮಾತು ಸ್ವಲ್ಪ ಉದ್ದವಾದರೂ ಹೇಳಲೇಬೇಕು, ಯಾಕೆಂದರೆ ಬೆಂಗಳೂರಿನವರು ಅಲ್ಲಿ ಸೋಲುವುದೇ ಇದರಿಂದ. ನಮ್ಮದು ಕೆಂಪು ಜಿಗುಟು ಮಣ್ಣು, ಮೇಲೆ ಬರ್ಮುಡಾ ಹುಲ್ಲು. ಬಿಸಿಲಿಗೆ ಚುರುಕಾಗಿ ಬೆಳೆಯುತ್ತದೆ, ನೀರು ಕುಡಿಯುತ್ತದೆ, ಚೆಂಡನ್ನು ಎತ್ತಿ ಹಿಡಿಯುತ್ತದೆ. ಹಾಗಾಗಿ ನಮ್ಮ ಆಟ ಗಾಳಿಯ ಆಟ. ಎತ್ತರಕ್ಕೆ ಹೊಡೆ, ಗ್ರೀನ್ ಮೇಲೆ ಬೀಳಿಸು, ನಿಲ್ಲಿಸು. ಅಲ್ಲಿ ಮರಳಿನ ಮೇಲೆ ಫೆಸ್ಕ್ಯೂ ಎಂಬ ದಾರದಂಥ ಹುಲ್ಲು. ಗೊಬ್ಬರ ಹಾಕಿದರೆ ಕೆಡುತ್ತದೆ, ಬಡತನದಲ್ಲೇ ಚೆನ್ನಾಗಿರುತ್ತದೆ. ಮಳೆ ನಿಂತ ಸ್ವಲ್ಪ ಹೊತ್ತಿಗೆ ನೆಲ ಒಣಗಿ ಗಟ್ಟಿ. ಚೆಂಡು ಬಿದ್ದ ಮೇಲೂ ಮೂವತ್ತು ನಲವತ್ತು ಗಜ ಓಡುತ್ತದೆ, ಸಣ್ಣ ಉಬ್ಬುತಗ್ಗೂ ಅದನ್ನು ತಿರುಗಿಸುತ್ತದೆ. ನೀವು ಚಪ್ಪಟೆ ಅಂದ ನೆಲ ನಮ್ಮ ಕಣ್ಣಿಗೆ ಚಪ್ಪಟೆ, ಉರುಳುವ ಚೆಂಡಿಗಲ್ಲ. ಗ್ರೀನ್ ಮುಂದೆ ಮೊಣಕಾಲೆತ್ತರದ ಒಂದು ಅಲೆ ಇದ್ದರೂ ಸಾಕು, ಹದಿನೆಂಟರ ವ್ಯಾಲಿ ಆಫ್ ಸಿನ್ ಎಂಬ ತಗ್ಗಿನ ಹಾಗೆ, ಇಡೀ ಹೋಲ್‌ನ ಲೆಕ್ಕ ಬದಲಾಗುತ್ತದೆ. ಓಲ್ಡ್ ಟಾಮ್ ಗ್ರೀನ್‌ಗಳಿಗೆ ಮರಳು ಹಾಕಿಸುತ್ತಲೇ ಇದ್ದರು, ಸಹಾಯಕ ಹನಿಮನ್‌ಗೆ 'ಇನ್ನಷ್ಟು ಮರಳು' ಎಂದು ಕೂಗುವುದೇ ಅವರ ಕೆಲಸವಾಗಿತ್ತು. ನಮ್ಮ ದೇಶದ ಹಳೇ ಕೋರ್ಸುಗಳಲ್ಲಿ ಗ್ರೀನ್ ಬದಲು ಎಣ್ಣೆ ಬೆರೆಸಿದ ಮರಳಿನ 'ಬ್ರೌನ್' ಇರುತ್ತಿತ್ತಲ್ಲ, ಅದರ ಮೇಲೆ ಆಡಿ ಬೆಳೆದ ಹಿರಿಯರು ಯಾರಾದರೂ ಸಿಕ್ಕರೆ ಕೇಳಿ. ಚೆಂಡು ಉರುಳಿಸುವ ಕಲೆ ಅವರಿಗೆ ಗೊತ್ತಿರುತ್ತದೆ.

ಕೆಜಿಎ ಚಂದ ಎಂದು ಬರೆದಿದ್ದೀರಿ. ಒಪ್ಪುತ್ತೇನೆ, ನಾನೂ ಅಲ್ಲಿ ಸಾಕಷ್ಟು ಆಡಿದ್ದೇನೆ. ಆದರೆ ಅದನ್ನು ರೂಪಿಸಿದ್ದು ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ಅವರ ಕಂಪನಿ ಎಂಬುದು ನಿಮಗೆ ಗೊತ್ತಿತ್ತೇ? ಐದು ಸಲ ಓಪನ್ ಗೆದ್ದವರು. ಅದರಲ್ಲಿ 1955ರದ್ದು ಇದೇ ಓಲ್ಡ್ ಕೋರ್ಸಿನಲ್ಲಿ. 1964ರ ಮೊದಲ ಇಂಡಿಯನ್ ಓಪನ್ ಗೆದ್ದವರೂ ಅವರೇ. ಎತ್ತರದ ಹೊಡೆತಕ್ಕಿಂತ ನೆಲದ ಆಟವನ್ನು ನಂಬಿದ ಮನುಷ್ಯ. ನೀವು ಮೆಚ್ಚಿದ ಕೋರ್ಸ್ ಮಾಡಿದವರೂ ನೀವು ಬೈದ ಕೋರ್ಸನ್ನು ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸಿದವರು.

ಬಾಬಿ ಜೋನ್ಸ್ ಮತ್ತು ಕೋರ್ಸ್ ವಿನ್ಯಾಸಕಾರ ಅಲಿಸ್ಟರ್ ಮೆಕೆಂಜಿ ಇಬ್ಬರೂ ಸೇರಿ ಅಮೆರಿಕದಲ್ಲಿ ಅಗಸ್ಟಾ ನ್ಯಾಷನಲ್ ಮಾಡಿದ್ದು 1930ರ ದಶಕದ ಶುರುವಿನಲ್ಲಿ. ಮೆಕೆಂಜಿ 1924ರಲ್ಲಿ ಓಲ್ಡ್ ಕೋರ್ಸನ್ನು ಇಂಚಿಂಚು ಅಳೆದು ನಕ್ಷೆ ಬರೆದಿದ್ದರು. ಆ ನಕ್ಷೆಯ ಪ್ರತಿ ಈಗಲೂ ಗಾಲ್ಫ್ ಪ್ರಿಯರ ಗೋಡೆಗಳ ಮೇಲೆ ತೂಗುತ್ತದೆ. ಅಗಸ್ಟಾದಲ್ಲಿ ಗುಡ್ಡವಿದೆ, ಪೈನ್ ಮರವಿದೆ, ಹೂವಿದೆ. ನೋಡಲು ಒಂದಕ್ಕೊಂದು ಸಂಬಂಧವೇ ಇಲ್ಲ. ಆದರೆ ಅಗಲ ಫೇರ್‌ವೇ, ಯಾವ ಬದಿಯಿಂದ ಗ್ರೀನ್ ತೆರೆಯುತ್ತದೆ ಎಂಬ ಲೆಕ್ಕ, ಅಲೆಯಲೆಯ ಗ್ರೀನ್, ಇವೆಲ್ಲ ಇಲ್ಲಿಂದ ಹೋದವು. ಆಗ ನನ್ನ ಅನುಮಾನವೂ ಕರಗಿತು. ಇಲ್ಲಿ ವಿನ್ಯಾಸಕಾರ ಇರಲಿಲ್ಲ, ವಿನ್ಯಾಸ ಇತ್ತು.

ಈಗ ಅಂಕ. ಆರಿದ್ದದ್ದು ಒಂಬತ್ತಾಗಿದೆ. ಉಳಿದ ಒಂದನ್ನು ನಾನು ಕೊಡುವುದಿಲ್ಲ.

ಒಂಬತ್ತು ಮತ್ತು ಹತ್ತನೇ ಹೋಲ್‌ಗಳು ನನಗೆ ಈಗಲೂ ಸಪ್ಪೆ. ಚಿಕ್ಕ ಪಾರ್ 4, ಸಮತಟ್ಟು ಗ್ರೀನ್. ಹತ್ತಕ್ಕೆ ಬಾಬಿ ಜೋನ್ಸ್ ಅವರ ಹೆಸರನ್ನು ಇಟ್ಟಿದ್ದಾರೆ, ಪಾಪ, ಇದಕ್ಕಿಂತ ಒಳ್ಳೆಯದು ಕೊಡಬಹುದಿತ್ತು. ಏಳು ಮತ್ತು ಹನ್ನೊಂದರ ದಾರಿ ಒಂದನ್ನೊಂದು ಅಡ್ಡ ಹಾಯುತ್ತದೆ, ಜನ ಜಾಸ್ತಿ ಇದ್ದರೆ ಅಲ್ಲಿ ಕಾಯುವುದೇ ಕೆಲಸ. 2022ರ ಓಪನ್‌ನ ಮೊದಲ ದಿನ ಒಂದು ಸುತ್ತಿಗೆ ಆರು ಗಂಟೆ ಹಿಡಿಯಿತು. ಆಟಗಾರರು ಒಂದೇ ಹೊಡೆತಕ್ಕೆ ಪಾರ್ 4ರ ಗ್ರೀನ್ ಮುಟ್ಟುತ್ತಾರೆ, ಹಾಗಾಗಿ ಮುಂದಿನವರು ಇಳಿಯುವ ತನಕ ನಿಲ್ಲಬೇಕು. ಚೆಂಡು ದೂರ ಹೋದಷ್ಟೂ ಟೀ ಹಿಂದಕ್ಕೆ ಹೋಗಿದೆ. 2000ದಲ್ಲಿ 7,115 ಗಜವಿದ್ದದ್ದು 2022ರಲ್ಲಿ 7,313. ಕೆಲವು ಟೀಗಳು ಗಡಿಯಾಚೆ ಪಕ್ಕದ ಕೋರ್ಸಿನ ನೆಲದಲ್ಲಿವೆ. ಅಷ್ಟಾದರೂ ಕ್ಯಾಮರನ್ ಸ್ಮಿತ್ ಪಾರ್‌ಗಿಂತ 20 ಕಡಿಮೆಯಲ್ಲಿ ಗೆದ್ದರು. ಇದು ಕೋರ್ಸಿನ ತಪ್ಪಲ್ಲ, ಚೆಂಡಿನದು.

ಹನ್ನೊಂದನೇ ಗ್ರೀನ್ ವಿಷಯದಲ್ಲಿ ಮಾತ್ರ ನನಗೆ ಸಿಟ್ಟಿದೆ. ಸಣ್ಣ ಪಾರ್ 3. ಮುಂದೆ ಸ್ಟ್ರಾತ್ ಬಂಕರ್, ಎಡಕ್ಕೆ ಜೋನ್ಸ್ ಸಿಕ್ಕಿಬಿದ್ದ ಹಿಲ್ ಬಂಕರ್, ಹಿಂದೆ ಈಡನ್ ನದಿಯ ಅಳಿವೆ. ಗ್ರೀನ್ ಹಿಂದಿನಿಂದ ಮುಂದಕ್ಕೆ ಕಡಿದಾಗಿ ಇಳಿಯುತ್ತದೆ. ಹುಲ್ಲನ್ನು ವರ್ಷದಿಂದ ವರ್ಷಕ್ಕೆ ಗಿಡ್ಡ ಕತ್ತರಿಸಿ ಗ್ರೀನಿನ ವೇಗ ಹೆಚ್ಚಿಸಿದ್ದರಿಂದ, ಹಿಂದಿನ ಎಡಮೂಲೆಯಲ್ಲಿ ಕುಳಿ ಇಡಲಾಗುತ್ತಿರಲಿಲ್ಲ. ಅದಕ್ಕೆ 2012ರ ಕೊನೆಯಲ್ಲಿ ವಿನ್ಯಾಸಕಾರ ಮಾರ್ಟಿನ್ ಹಾಟ್ರಿ ಅವರ ಸಲಹೆಯಂತೆ ಆ ಮೂಲೆಯನ್ನು ತಗ್ಗಿಸಿದರು. ರೋಡ್ ಬಂಕರ್ ಸುತ್ತಲೂ ಕೈ ಹಾಕಿದರು. ಜಗತ್ತಿನ ಗಾಲ್ಫ್ ವಿನ್ಯಾಸಕಾರರು ಗಲಾಟೆ ಮಾಡಿದರು. ಹುಲ್ಲಿನ ಕೆಲಸದವನಾಗಿ ಹೇಳುತ್ತೇನೆ, ಕತ್ತರಿಯನ್ನು ಒಂದು ಮಿಲಿಮೀಟರ್ ಮೇಲೆತ್ತಿದ್ದರೆ ನೆಲ ಅಗೆಯುವ ಕೆಲಸ ಇರುತ್ತಿರಲಿಲ್ಲ. 2015ರ ಓಪನ್‌ನ ಶನಿವಾರ ಗಾಳಿಗೆ ಗ್ರೀನ್ ಮೇಲಿನ ಚೆಂಡು ತಾನಾಗಿ ಸರಿಯತೊಡಗಿ ಹತ್ತು ಗಂಟೆಗೂ ಜಾಸ್ತಿ ಆಟ ನಿಂತಿತು, ಪಂದ್ಯ ಸೋಮವಾರಕ್ಕೆ ಹೋಯಿತು. ಗಾಳಿ ಅಲ್ಲಿ ಐನೂರು ವರ್ಷದಿಂದ ಇದೆ. ಹೊಸದಾಗಿ ಬಂದದ್ದು ಈ ನುಣುಪು.

ಕೊನೆಗೆ, ಜೂನಿನಲ್ಲಿ ಏನು ಮಾಡಬೇಕು? ಮತ್ತೆ ಆಡಿ. ಆದರೆ ಭಾನುವಾರ ಮೊದಲು ನಡೆಯಿರಿ, ಆಟ ಆಮೇಲೆ. ಶನಿವಾರವೇ ಎಡಿನ್‌ಬರೊದಿಂದ ಹೊರಟುಬಿಡಿ. ನಡೆಯಲು ಟಿಕೆಟ್ ಇಲ್ಲ, ಯಾರೂ ಕೇಳುವುದಿಲ್ಲ. ಹದಿನೆಂಟರಿಂದ ಶುರು ಮಾಡಿ, ಪ್ರತಿ ಗ್ರೀನ್ ಹತ್ತಿರ ನಿಂತು ಟೀ ಕಡೆ ನೋಡಿ. ಹನ್ನೆರಡರಲ್ಲಿ ಹತ್ತು ನಿಮಿಷ ಇರಿ. ಹದಿನಾರರಲ್ಲಿ ಫೇರ್‌ವೇ ನಡುವೆ ಪ್ರಿನ್ಸಿಪಲ್ಸ್ ನೋಸ್ ಎಂಬ ಬಂಕರ್ ಗುಂಪು ಸಿಗುತ್ತದೆ. ಅದಕ್ಕೂ ಬಲಗಡೆಯ ಬೇಲಿಗೂ ನಡುವಿನ ಕಿರುದಾರಿಯಲ್ಲಿ ನಿಂತು ಗ್ರೀನ್ ನೋಡಿ, ಆಮೇಲೆ ಎಡಕ್ಕೆ ಬಂದು ನೋಡಿ. ವ್ಯತ್ಯಾಸ ನಾನು ಬರೆದು ತಿಳಿಸುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಬಂಕರ್‌ಗಳ ಗೋಡೆಯನ್ನೂ ಹತ್ತಿರದಿಂದ ನೋಡಿ. ಹುಲ್ಲಿನ ಹೆಂಟೆಗಳನ್ನು ಇಟ್ಟಿಗೆಯಂತೆ ಒಂದರ ಮೇಲೊಂದು ಜೋಡಿಸಿ ಕಟ್ಟಿದ್ದು. ಕೆಲವೇ ವರ್ಷಕ್ಕೊಮ್ಮೆ ಬಿಚ್ಚಿ ಹೊಸದಾಗಿ ಕಟ್ಟುತ್ತಾರೆ.

ಆಡುವ ದಿನ ಕ್ಯಾಡಿ ತೆಗೆದುಕೊಳ್ಳಿ, ಹಣ ಉಳಿಸಲು ಹೋಗಬೇಡಿ. ಅವರಿಗೆ ಎಷ್ಟು ಗಜ ಎಂದು ಕೇಳಬೇಡಿ, ಎಲ್ಲಿ ಬೀಳಿಸಲಿ ಎಂದು ಕೇಳಿ. ಗ್ರೀನಿನಿಂದ ಮೂವತ್ತು ಗಜ ಹೊರಗಿದ್ದರೂ ಪಟರ್ ಹಿಡಿಯಿರಿ. ಬೆಂಗಳೂರಿನಲ್ಲಿ ಹಾಗೆ ಮಾಡಿದರೆ ನಗುತ್ತಾರೆ, ಅಲ್ಲಿ ಯಾರೂ ನಗುವುದಿಲ್ಲ. ಬ್ಯಾಲೆಟ್‌ನಲ್ಲಿ ಹೆಸರು ಬರದಿದ್ದರೆ ಪಕ್ಕದ ನ್ಯೂ ಕೋರ್ಸಿನಲ್ಲಿ ಆಡಿ. ಹೆಸರಿಗೆ ನ್ಯೂ, ಶುರುವಾಗಿದ್ದು 1895ರಲ್ಲಿ. ಅದೂ ಓಲ್ಡ್ ಟಾಮ್ ಕೈಯದೇ, ಅದೇ ಮರಳು, ಅದೇ ಗಾಳಿ.

ಜಾಕೆಟ್ ಮರೆಯಬೇಡಿ. ಜೂನ್ ತಾನೇ ಎಂದು ಬರೀ ಅಂಗಿಯಲ್ಲಿ ಹೋದ ನನಗೆ ಏಳನೇ ಗ್ರೀನ್ ತಲುಪುವಷ್ಟರಲ್ಲಿ ಹಲ್ಲು ಕಟಕಟ ಅನ್ನುತ್ತಿತ್ತು.